ಬಿಳಿ ಕಪಾಟಿನ ಕಾಲುಗಳು

ಅವ್ವ ತೀರಿಕೊಂಡು, ಅವಳ ಶಿವಗಣಾರಾಧನೆ ಮುಗಿದ ಮರುದಿನ ನಾನೂ ನನ್ನ ತಮ್ಮನ ಹೆಂಡತಿ ಶಾಂತಾಳೂ ಕೂಡಿ ಅವ್ವನ ಟ್ರಂಕು ತೆಗೆದೆವು. ಮೇಲೆ ನಾಲ್ಕು ಸೀರೆ, ಅರ್ಧ ಸವೆದ ವಿಭೂತಿ ಗಟ್ಟಿ, ದಾರ ಕಟ್ಟಿದ ಚಾಳೀಸು, ಯಾವ ಬಾಗಿಲಿನದೋ ಗೊತ್ತಿಲ್ಲದ ಎರಡು ಕೀಲಿಕೈ ಇದ್ದವು. ಎಲ್ಲದರ ಕೆಳಗೆ, ಬಣ್ಣ ಹೋದ ಕೆಂಪು ಬಟ್ಟೆಯ ಒಂದು ಗಂಟು. ಬಿಚ್ಚಿದರೆ ನಾಲ್ಕು ಕಟ್ಟಿಗೆ ತುಂಡು. ಒಂದೊಂದೂ ನಾಲ್ಕು ಬೆರಳು ಎತ್ತರ. ಒಂದು ತುದಿ ನುಣ್ಣಗೆ ಉಜ್ಜಿದ್ದು, ಇನ್ನೊಂದು ತುದಿಯಲ್ಲಿ ಗರಗಸದ ಓರೆ ಗೆರೆಗಳು.

"ಏನಕ್ಕಾ ಇವು? ಒಲೀಗೆ ಹಾಕ್ಲೇನು?" ಅಂದಳು ಶಾಂತಾ.

"ಬ್ಯಾಡವ್ವಾ. ಇಲ್ಲಿ ಕೊಡು."

"ಯಾವುದರ ತುಂಡು ಇವು?"

"ಗೊತ್ತಿಲ್ಲ," ಅಂದೆ.

ಆ ತುಂಡುಗಳ ಬಗ್ಗೆ ನಾನು ಹೇಳಿದ ಸುಳ್ಳು ಇದೇ ಮೊದಲನೆಯದಲ್ಲ. ಮೊದಲನೆಯದನ್ನು ಹೇಳಿದಾಗ ನನಗೆ ಒಂಬತ್ತು ವರ್ಷ. ಅದನ್ನು ಹೇಳಿಸಿದವನು ಅಪ್ಪ ಎಂದು ಇಷ್ಟು ವರ್ಷ ಅಪ್ಪನೊಬ್ಬನನ್ನೇ ದೂರುತ್ತ ಬಂದೆ. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಬರೆದಿಡುವುದೊಂದೇ ಉಳಿದಿದೆ.

ಮಸ್ಕಿಯಲ್ಲಿ ನಮ್ಮದು ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಪಡಸಾಲೆ ದಾಟಿ ನಡುಮನೆ, ಅದರಾಚೆ ಅಡಿಗೆಮನೆ. ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಹೊಗೆ ಹೋಗಬೇಕಾದ್ದೂ ಅದರಲ್ಲೇ, ಬೆಳಕು ಬರಬೇಕಾದ್ದೂ ಅದರಲ್ಲೇ. ಎರಡೂ ಒಂದೇ ಹೊತ್ತಿಗೆ ಆಗುತ್ತಿರಲಿಲ್ಲ. ಒಲೆಯ ಎದುರಿನ ಗೋಡೆಗೆ ಬೇವಿನ ದಪ್ಪ ಹಲಗೆಯೊಂದನ್ನು ಹುಗಿದಿದ್ದರು. ಹಾಲಿನ ಗಡಿಗೆ, ಮೊಸರಿನ ಗಡಿಗೆ, ರೊಟ್ಟಿ ಬುಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಎಲ್ಲಾ ಅದರ ಮೇಲೆ ಇರುತ್ತಿದ್ದವು. ಹಲಗೆಗೆ ಬಾಗಿಲಿಲ್ಲ, ಮುಚ್ಚಳವಿಲ್ಲ. ಹೊಗೆ ಕುಡಿದು ಕುಡಿದು ಅದು ಎಷ್ಟು ಕಪ್ಪಾಗಿತ್ತೆಂದರೆ, ಅದರ ಮೇಲೆ ಕುಳಿತ ಜಿರಲೆ ಅಲುಗಾಡಿದ ಮೇಲೆಯೇ ಜಿರಲೆ ಎಂದು ತಿಳಿಯುತ್ತಿತ್ತು. ಅಡಿಗೆಮನೆಯ ನೆಲ ಮಾತ್ರ ಯಾವಾಗಲೂ ಹಸನಾಗಿತ್ತು. ಅವ್ವ ದಿನಾ ಮುಂಜಾನೆ ಒಲೆ ಹಚ್ಚುವ ಮೊದಲು ಸೆಗಣಿಯಿಂದ ಸಾರಿಸುತ್ತಿದ್ದಳು. ಮೊಣಕಾಲೂರಿ, ಅಂಗೈಯನ್ನು ಅರ್ಧಚಂದ್ರದ ಹಾಗೆ ತಿರುಗಿಸುತ್ತ, ಮೂಲೆಯಿಂದ ಬಾಗಿಲ ತನಕ ಹಿಂದಕ್ಕೆ ಸರಿಯುತ್ತ ಬರುತ್ತಿದ್ದಳು. ಆ ಹಸಿ ನೆಲ ಒಣಗುವ ತನಕ ನಾವು ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ಹೊಸ್ತಿಲ ಮೇಲೆ ಕುಳಿತು ನೆಲ ಬಣ್ಣ ಬದಲಿಸುವುದನ್ನು ನೋಡುತ್ತಿದ್ದೆವು. ಹಸಿ ಇದ್ದಾಗ ಕಡುಹಸಿರು, ಒಣಗಿದಾಗ ತಿಳಿ. ತಿಳಿಯಾದರೆ ರೊಟ್ಟಿ.

ನಾವು ಎಂದರೆ ನಾನು ಮತ್ತು ಚನ್ನಬಸು. ಶಾಂತಾಳ ಗಂಡ ಆಗ ಇನ್ನೂ ಹುಟ್ಟಿರಲಿಲ್ಲ. ಚನ್ನಬಸು ನನಗಿಂತ ಐದು ವರ್ಷ ಚಿಕ್ಕವನು. ಎರಡು ತುಂಬುವುದರೊಳಗೆ ಅವನಿಗೆ ಒಂದು ಮಧ್ಯಾಹ್ನ ವಾಂತಿ-ಭೇದಿ ಸುರುವಾಯಿತು. ಬಸ್ಸಿನಲ್ಲಿ ಲಿಂಗಸೂಗೂರಿನ ದವಾಖಾನೆಗೆ ಒಯ್ದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು, ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ. ಅವನನ್ನು ಮಲಗಿಸಿದ ಮೇಜಿನ ಮೇಲೆ ಬಿಳೀ ಹೊಳಪಿನ ಹಾಳೆ ಹಚ್ಚಿತ್ತು. ಅವನು ಅದರ ಮೇಲೆ ಕಕ್ಕಿದ. ನರ್ಸಮ್ಮ ಒದ್ದೆ ಅರಿವೆಯಿಂದ ಒಂದೇ ಸಲ ಒರೆಸಿದಳು. ಮೇಜು ಮೊದಲಿನ ಹಾಗೇ ಆಯಿತು. ಚನ್ನಬಸು ಆಗಲಿಲ್ಲ.

ಹಾಲಿನಲ್ಲಿ ಏನಾದರೂ ಬಿದ್ದಿತ್ತೋ, ನೀರು ಕೆಟ್ಟಿತ್ತೋ, ಯಾರಿಗೂ ತಿಳಿಯಲಿಲ್ಲ. ಅವ್ವ ಮಾತ್ರ ಬೇವಿನ ಹಲಗೆಯದೇ ತಪ್ಪು ಎಂದು ತೀರ್ಮಾನಿಸಿದಳು. ಆಮೇಲೆ ಎರಡು ವರ್ಷ ಆ ಹಲಗೆಯನ್ನು ಬೂದಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು, ಕುದಿಯುವ ನೀರು ಸುರಿದಳು. ಎಷ್ಟು ತಿಕ್ಕಿದರೂ ಅದು ಕಪ್ಪಗೇ ಇತ್ತು. ಹೊಲಸು ಹೋಗಿದೆಯೋ ಇದೆಯೋ ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಅದೇ ಅವಳನ್ನು ತಿನ್ನುತ್ತಿತ್ತು.

ಆ ಹೊತ್ತಿಗೆ ಗೊರೇಬಾಳದ ಹತ್ತಿರ ಇದ್ದ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದಿತ್ತು. ಜೋಳ ಬೆಳೆಯುತ್ತಿದ್ದ ಎರೆ ನೆಲದಲ್ಲಿ ನೆಲ್ಲು ನಿಂತಿತು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ದಿನಾ ತಾಟಿಗೆ ಬಂತು. ಆದರೂ ಅಪ್ಪ ಎರಡು ರೊಟ್ಟಿ ತಿನ್ನದೆ ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ. ಎರಡನೆಯ ಫಸಲು ಕೈಗೆ ಬಂದ ದಿನ ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ ಬಂಗಾರದ ಪಾಟಲಿ ಮಾಡಿಸುತ್ತೇನೆ ಎಂದ.

"ನನಗ ಪಾಟ್ಲಿ ಬ್ಯಾಡ," ಅಂದಳು ಅವ್ವ. "ತೊಳದ್ರ ತೊಳದಂಗ ಕಾಣೋ ಕಪಾಟು ಬೇಕು. ಆ ದವಾಖಾನಿ ಮೇಜಿನಂಥಾದ್ದು."

"ಕಪಾಟು ಕೈಯಾಗ ಹಾಕ್ಕೊಂಡು ಮದುವಿ ಮುಂಜಿಗೆ ಹೋಗ್ತಿಯೇನ?"

"ನಾ ಎಲ್ಲಿ ಹೋಗ್ತೀನಿ? ಅಡಗಿಮನ್ಯಾಗ ಇರಾಕಿ ನಾ."

ಅಪ್ಪ ನಕ್ಕ. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಪ್ಪ ಕೆಟ್ಟವನಾಗಿರಲಿಲ್ಲ. ನಾಲ್ಕು ಜನ ಏನಂದಾರು ಎಂಬುದರ ಮುಂದೆ ಅವನಿಗೆ ಉಳಿದದ್ದೆಲ್ಲ ಸಣ್ಣದಾಗಿ ಕಾಣುತ್ತಿತ್ತು, ಅಷ್ಟೇ.

ಕಪಾಟು ಮಾಡುವವನು ಯಾರು ಎಂಬ ಪ್ರಶ್ನೆ ಬರಲೇ ಇಲ್ಲ. ಬಡಿಗೇರ ಮೋನಪ್ಪ ನಮ್ಮ ಮನೆಯ ಆಯಗಾರ. ವರ್ಷವಿಡೀ ನಮ್ಮ ಕುಂಟೆ, ಕೂರಿಗೆ, ಬಂಡಿಯ ಗಾಲಿ ನೋಡಿಕೊಳ್ಳುವವನು ಅವನು. ರಾಶಿಯಾದಾಗ ಕಣದಲ್ಲಿ ಅವನ ಪಾಲಿನ ಕಾಳು ಅಳೆದ ಮೇಲೆಯೇ ನಮ್ಮ ಚೀಲ ಮನೆಗೆ ಬರುತ್ತಿದ್ದವು. ನಾನು ಮಲಗಿದ ತೊಟ್ಟಿಲೂ ಅವನು ಮಾಡಿದ್ದೇ. ತೆಳ್ಳಗಿನ ಮನುಷ್ಯ. ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ ತುಂಡು. ನಾನು ಅವನನ್ನು ಕಾಕಾ ಅನ್ನುತ್ತಿದ್ದೆ.

ಕಪಾಟಿನ ಹಲಗೆ ಕೊಳ್ಳಲು ಅಪ್ಪ, ಅವ್ವ, ಮೋನಪ್ಪ ಕಾಕಾ, ನಾನು ನಾಲ್ವರೂ ಬಸ್ಸಿನಲ್ಲಿ ಸಿಂಧನೂರಿಗೆ ಹೋದೆವು. ಅವ್ವ ಅಡಕೆ ಡಬ್ಬಿಯಲ್ಲಿ ಎಣ್ಣೆಗೆ ಕಲಸಿದ ಅರಿಷಿಣ ತುಂಬಿಕೊಂಡಿದ್ದಳು. ಒಂದು ಕಾಗದದ ಪೊಟ್ಟಣದಲ್ಲಿ ಗಡಿಗೆಯ ತಳದ ಮಸಿ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಅಂಗಡಿಯ ತುಂಬ ಪ್ಲೈವುಡ್ಡಿನ ಹಲಗೆಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಮೇಲೆ ಹಚ್ಚುವ ಮೈಕಾ ಹಾಳೆಯ ಅಂಗೈಯಗಲದ ತುಂಡುಗಳನ್ನು ಅಂಗಡಿಯವನು ಇಸ್ಪೀಟ್ ಎಲೆ ಹರಡಿದ ಹಾಗೆ ಹರಡಿದ. ಒಂದು ಕಪ್ಪು ಕಟ್ಟಿಗೆಯ ಬಣ್ಣದ್ದು, ಒಂದು ಹೂವಿನದು, ಒಂದು ಬೂದಿ ಬಣ್ಣದ್ದು, ಒಂದು ಬಿಳಿ.

"ಅಡಗಿಮನಿಗೆ ಈ ಕರೆ ಕಟಗಿ ಬಣ್ಣದ್ದ ಒಯ್ಯಿರಿ ಅಕ್ಕಾರ," ಅಂದ ಅಂಗಡಿಯವನು. "ಹತ್ತು ವರ್ಷ ಆದ್ರೂ ಹೊಲಸು ಕಾಣಂಗಿಲ್ಲ."

"ಕಾಣಬೇಕು," ಅಂದಳು ಅವ್ವ.

"ಅಂದ್ರ?"

"ಹೊಲಸು ಕಾಣಬೇಕು. ಕಂಡ್ರ ತೊಳೀತೀನಿ. ಕಾಣಲಿಲ್ಲಂದ್ರ ಏನ್ ತೊಳೀಲಿ?"

ಡಬ್ಬಿ ತೆಗೆದು ಬಿಳಿ ತುಂಡಿನ ಮೇಲೆ ಅರಿಷಿಣ ಬಳಿದಳು, ಮಸಿ ಉಜ್ಜಿದಳು. ಅಂಗಡಿಯವನು "ಅಯ್ಯಯ್ಯ, ಸ್ಯಾಂಪಲ್ಲು ಅದು!" ಅಂತ ಕೈ ಚಾಚಿದ. ಅವ್ವ ಬಿಡಲಿಲ್ಲ. ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಅರ್ಧ ತಾಸು ಕಾದಳು. ಅಪ್ಪ ನಾಚಿ ರಸ್ತೆಗೆ ಇಳಿದು ಬೀಡಿ ಹಚ್ಚಿದ. ಆಮೇಲೆ ಅವ್ವ ಸೆರಗಿನ ತುದಿ ನೀರಿನಲ್ಲಿ ಅದ್ದಿ ಒರೆಸಿದಳು. ಒಮ್ಮೆ. ಇನ್ನೊಮ್ಮೆ. ಅರಿಷಿಣದ ಒಂದು ಎಳೆ ಕೂಡ ಉಳಿಯಲಿಲ್ಲ. ಅವಳ ಸೆರಗಿನ ಕಲೆ ಮಾತ್ರ ಆಮೇಲೆ ಎಂದೂ ಹೋಗಲಿಲ್ಲ. ಅವಳು ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದ ರೀತಿ ನನಗೆ ಈಗಲೂ ನೆನಪಿದೆ. ಎರಡು ವರ್ಷದಲ್ಲಿ ಮೊದಲ ಸಲ ಅವಳ ಹುಬ್ಬು ಸಡಿಲಾಗಿತ್ತು.

ಮೋನಪ್ಪ ಕಾಕಾ ಮೈಕಾದ ಕಡೆ ನೋಡಲೇ ಇಲ್ಲ. ಅವನು ಪ್ಲೈವುಡ್ಡಿನ ಅಂಚು ನೋಡುತ್ತಿದ್ದ. ಬೆರಳಿಗೆ ಉಗುಳು ಹಚ್ಚಿ ಅಂಚಿಗೆ ಒತ್ತಿದ. ಉಗುಳು ಕಟ್ಟಿಗೆಯೊಳಗೆ ಹೋಯಿತು.

"ಯವ್ವಾ, ಇದರ ಮಾರಿ ಛಲೋ ಐತಿ," ಅಂದ. "ಅಂಚು ನೋಡ್ರಿ, ಚಪಾತಿ ಪದರು ಇದ್ದಂಗ ಐತಿ. ನೀರು ಮಾರಿಗೆ ಬಿದ್ರ ಜಾರತೈತಿ. ಅಂಚಿಗೆ ಬಿದ್ರ ಕುಡೀತೈತಿ. ಕುಡೀತಂದ್ರ ಉಬ್ಬತೈತಿ, ಉಬ್ಬಿತಂದ್ರ ಒರಲಿ ಬರ್ತಾವ."

"ಅದಕ್ಕೇನು ಮಾಡೂದು ಮೋನಪ್ಪ?"

"ಅಂಚಿಗೆಲ್ಲ ಸಾಗವಾನಿ ಪಟ್ಟಿ ಹೊಡೀತೀನಿ. ನಿಮ್ಮದು ಸಾರಿಸೋ ನೆಲ. ಕಪಾಟು ನೆಲಾ ಮುಟ್ಟಬಾರದು. ಜಾಲಿ ಕಟಗಿ ಕಾಲು ಕೊಡ್ತೀನಿ, ನಿಮ್ಮ ಕೈ ಅದರ ಬುಡಕ ಆಡಬೇಕು. ಅಷ್ಟು ಮಾಡ್ರಿ, ನಿಮ್ಮ ಮೊಮ್ಮಕ್ಕಳು ಇಟ್ಟ ಬೆಲ್ಲ ತಿಂತಾರ ಅದರಾಗ."

ಕಪಾಟು ಆಗಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನ ಅಂಗಳದಲ್ಲೇ ಒಲೆ. ಅಡಿಗೆಮನೆಯಿಂದ ಸೆಗಣಿ, ಹೊಗೆಯ ವಾಸನೆ ಹೋಗಿ ಬಡಿಗೇರರ ಅಂಟಾದ ಸರೇಸಿನ ವಾಸನೆ ಬಂತು. ಬಿಳೀ ಬಾಗಿಲಿನ, ಮೂರು ಖಾನೆಯ ಕಪಾಟು ಜಾಲಿಯ ನಾಲ್ಕು ಗಿಡ್ಡ ಕಾಲುಗಳ ಮೇಲೆ ಆ ಕಪ್ಪು ಗೋಡೆಯ ಮುಂದೆ ನಿಂತಾಗ ಇಡೀ ಕೋಣೆಗೆ ಒಂದು ಕಿಟಕಿ ಬಂದ ಹಾಗಿತ್ತು. ಅವ್ವ ಬೇವಿನ ಹಲಗೆಯನ್ನು ಕೀಳಿಸಿ ಹೊರಗೆ ಹಾಕಿಸಿದಳು. ಮೇಲಿನ ಖಾನೆಯಲ್ಲಿ ಹಾಲು ಮೊಸರು, ನಡುವೆ ಹಿಟ್ಟು, ಚಟ್ನಿ. ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ ಶಾವಿಗೆ, ಹಪ್ಪಳ, ಅವುಗಳ ಹಿಂದೆ ಚನ್ನಬಸುವಿನ ಹಿತ್ತಾಳೆ ಬಟ್ಟಲು ಮತ್ತು ಕುಂಚಿಗೆ. ಕೂಸಿನ ತಲೆ, ಬೆನ್ನು ಮುಚ್ಚುವ ಇಳಕಲ್ ಖಣದ ಕೆಂಪು ಕುಂಚಿಗೆ. ಅವ್ವನ ತವರಿನವರು ಗುರುಗುಂಟಾದಿಂದ ಹೊಲಿಸಿ ತಂದದ್ದು. ಇಷ್ಟು ದಿನ ಅದನ್ನು ಎಲ್ಲಿಟ್ಟಿದ್ದಳೋ ನಾನು ನೋಡಿರಲಿಲ್ಲ. ಹಸನಾದ ಒಂದು ಜಾಗಕ್ಕಾಗಿ ಕಾಯುತ್ತಿದ್ದಳೆಂದು ಕಾಣುತ್ತದೆ.

ಕೆಲಸ ಮುಗಿಸಿ ಮೋನಪ್ಪ ಕಾಕಾ ಗೊರೇಬಾಳದ ಕಡೆಯ ಕ್ಯಾಂಪಿಗೆ ಹೋದ. ಕಾಲುವೆ ನೀರು ನೋಡಿ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಊರುಗಳನ್ನು ಕ್ಯಾಂಪ್ ಅನ್ನುತ್ತಿದ್ದರು. ಅಲ್ಲಿ ಹೊಸ ಮನೆಗಳ ಬಾಗಿಲು ಕೆಲಸ ಬೇಕಾದಷ್ಟಿತ್ತು. ಅವನು ಹೋದ ವಾರಕ್ಕೆ ಅದೇ ಕಡೆಯ ಕ್ಯಾಂಪಿನಿಂದ ಅಪ್ಪನ ಗೆಳೆಯನೊಬ್ಬ ನಮ್ಮ ಮನೆಗೆ ಬಂದ. ಅಪ್ಪನಿಗೆ ನೆಲ್ಲಿನ ಸಸಿ ನೆಡುವುದನ್ನು ಕಲಿಸಿದ್ದೇ ಆತ. ಅವನ ಮನೆಗೆ ಸಿಮೆಂಟಿನ ನೆಲ. ಅಲ್ಲಿನ ಕಪಾಟುಗಳು ನೆಲಕ್ಕೆ ಅಂಟಿಕೊಂಡು ನಿಂತಿದ್ದವಂತೆ. ಅಪ್ಪ ಹೆಮ್ಮೆಯಿಂದ ಅವನನ್ನು ಅಡಿಗೆಮನೆಯ ಬಾಗಿಲಿಗೆ ಕರೆತಂದು ತೋರಿಸಿದ.

"ಏಮಿ ಶರಣಪ್ಪಗಾರೂ," ಅಂತ ಆತ ನಕ್ಕ, "ಕಪಾಟು ಬಾಗುಂದಿ, ಛಲೋ ಐತಿ. ಆದ್ರ ಮೇಕೆ ನಿಂತಂಗ ನಿಂತದಲ್ಲ! ಹುಲ್ಲು ಗಿಲ್ಲು ಹಾಕ್ತೀರಾ ಏನು?"

ತಮಾಷೆಗೆ ಅಂದದ್ದು. ಅಪ್ಪನೂ ನಕ್ಕ. ಆದರೆ ಆಮೇಲೆ ಮೂರು ದಿನ ಅಡಿಗೆಮನೆಗೆ ಬಂದಾಗೆಲ್ಲ ಕಪಾಟಿನ ಕಾಲನ್ನೇ ನೋಡಿದ.

ಅವ್ವ ತನ್ನ ತಂಗಿಯ ಚೊಚ್ಚಲ ಕೂಸು ನೋಡಲು ಗುರುಗುಂಟಾಕ್ಕೆ ಹೋದ ದಿನ, ಮಧ್ಯಾಹ್ನ, ಅಪ್ಪ ಬಾಜೂ ಮನೆಯಿಂದ ಗರಗಸ ತಂದ. ಸಾಮಾನೆಲ್ಲ ಇಳಿಸಿ ಕಪಾಟನ್ನು ಬೆನ್ನಿನ ಮೇಲೆ ಮಲಗಿಸಿದ.

"ಗಿರಿಜವ್ವಾ, ಬಾ ಇಲ್ಲಿ. ಇದರ ಮ್ಯಾಲ ಕುಂದ್ರು. ಅಳ್ಳಾಡಬಾರದು."

"ಏನ್ ಮಾಡಾಕತ್ತೀಯಪ್ಪಾ?"

"ಕಾಲು ಕೊಯ್ಯಾಕತ್ತೀನಿ. ಕ್ಯಾಂಪಿನ್ಯಾಗ ಎಲ್ಲಾರ ಮನ್ಯಾಗೂ ನೆಲಕ್ಕ ಕುಂತಿರ್ತಾವ."

"ಮೋನಪ್ಪ ಕಾಕಾ ಬ್ಯಾಡ ಅಂದಿದ್ನಲ್ಲ?"

"ಮೋನಪ್ಪಗ ಬಂಡಿ ಗಾಲಿ ಗೊತ್ತು. ಇದೇನ್ ಗೊತ್ತು ಅವಗ?"

ನಾನು ಬಿಳೀ ಬಾಗಿಲಿನ ಮೇಲೆ ಕೂತೆ. ನುಣ್ಣಗೆ, ತಣ್ಣಗೆ ಇತ್ತು. ಗರಗಸ ಎಳೆದಾಗೆಲ್ಲ ಕಪಾಟು ನನ್ನ ಕೆಳಗೆ ನಡುಗುತ್ತಿತ್ತು. ಜಾಲಿ ಗಟ್ಟಿ ಕಟ್ಟಿಗೆ. ಅಪ್ಪನಿಗೆ ಬೆವರು ಇಳಿಯಿತು, ಕೈ ಓರೆ ಹೋಯಿತು. ನಾಲ್ಕೂ ಕೊಯ್ದು ನಿಲ್ಲಿಸಿದಾಗ ಕಪಾಟು ಒಂದು ಮೂಲೆಗೆ ಅಲುಗಿತು. ಬೀಡಿ ಕಟ್ಟಿನ ಕಾಗದ ಮಡಚಿ ಅದರ ಬುಡಕ್ಕೆ ತುರುಕಿದ. ನಾಲ್ಕು ತುಂಡುಗಳನ್ನು ತಾನೇ ಒಯ್ದು ತಿಪ್ಪೆಗೆ ಎಸೆದು ಬಂದ. ಬಂದವನು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಅವ್ವ ಕೇಳಿದ್ರ, ಮೋನಪ್ಪ ಬಂದಿದ್ದ, ಅವನ ಕೊಯ್ದು ಹೋದ ಅನ್ನು. ತಿಳೀತಾ? ನೀ ಶ್ಯಾಣ್ಯಾಕಿ."

ಶ್ಯಾಣ್ಯಾಕಿ, ಜಾಣಿ ಎಂದೆಲ್ಲ ಅಪ್ಪ ಅದುವರೆಗೆ ನನ್ನನ್ನು ಕರೆದಿರಲಿಲ್ಲ. ಚನ್ನಬಸು ಹೋದ ಮೇಲೆ ಅಪ್ಪ ನನ್ನ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದೂ ಕಡಿಮೆ. ಮರುದಿನ ಅವ್ವ ಬಂದು ಕಪಾಟಿನ ಮುಂದೆ ನಿಂತಳು.

"ಇದ್ಯಾಕ ತಗ್ಗಾಗೈತಿ?"

"ಮೋನಪ್ಪ ಕಾಕಾ ಬಂದಿದ್ದ. ಅವನ ಕೊಯ್ದು ಹೋದ," ಅಂದೆ.

"ಹೌದಾ?" ಅಂದಳು. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆಗಣಿ ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದಳು.

ಮಳೆಗಾಲ ಬಂತು. ಅವ್ವ ದಿನಾ ಸಾರಿಸಿದಳು. ಈಗ ಕಪಾಟಿನ ಬುಡಕ್ಕೆ ಕೈ ಹೋಗುತ್ತಿರಲಿಲ್ಲ, ಅಂಚಿನ ತನಕ ಹೋಗಿ ತಿರುಗುತ್ತಿತ್ತು. ಹಸಿ ಸೆಗಣಿಯ ನೀರು ದಿನಾ ಅಲ್ಲಿ ನಿಲ್ಲುತ್ತಿತ್ತು. ಹೊರಗಿನಿಂದ ಕಪಾಟು ಬೆಳ್ಳಗೇ ಇತ್ತು. ಅವ್ವ ಎರಡು ಹೊತ್ತು ಒರೆಸುತ್ತಿದ್ದಳು, ಒಂದು ಕಲೆ ಇರಲಿಲ್ಲ. ಪಂಚಮಿ ಹಬ್ಬಕ್ಕೆ ಸುಣ್ಣ ಹಚ್ಚಬೇಕೆಂದು ಸಾಮಾನು ತೆಗೆಯುವಾಗ ಕೆಳಗಿನ ಖಾನೆಯ ಬಾಗಿಲು ತೆಗೆದರೆ ತಳವೇ ಇರಲಿಲ್ಲ. ಪದರು ಪದರಾಗಿ ಬಿಚ್ಚಿ, ಉಬ್ಬಿ, ಒರಲೆ ಹುಳದ ಮಣ್ಣು ತುಂಬಿತ್ತು. ಶಾವಿಗೆ ಮಣ್ಣಾಗಿತ್ತು. ಕುಂಚಿಗೆ ಅರ್ಧ ಹೋಗಿತ್ತು. ಅವ್ವ ಎತ್ತಿದಾಗ ಅದರ ಒಂದು ಭಾಗ ಪುಡಿಯಾಗಿ ಅವಳ ಕೈ ಮೇಲೆ ಉದುರಿತು.

ಅವಳು ಅಳಲಿಲ್ಲ. ಮೋನಪ್ಪನನ್ನು ಕರೆಸಿದಳು. ಅವನು ಹಬ್ಬಕ್ಕೆಂದು ಊರಿಗೆ ಬಂದಿದ್ದ. ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡೇ ಬಂದ, ಏನೋ ರಿಪೇರಿ ಇರಬೇಕೆಂದು. ಅಪ್ಪ ನಡುಮನೆಯ ಕಂಬಕ್ಕೆ ಒರಗಿ ನಿಂತಿದ್ದ. ಬಾಗಿಲಲ್ಲಿ ಓಣಿಯ ನಾಲ್ಕಾರು ಹೆಂಗಸರು ನಿಂತಿದ್ದರು.

"ನೋಡೋ ಮೋನಪ್ಪ. ನನ್ನ ಕೂಸಿನ ಕುಂಚಗಿ ಒರಲಿಗೆ ತಿನಿಸೀದಿ."

ಅವನು ಬಗ್ಗಿ ಕಪಾಟಿನ ಬುಡಕ್ಕೆ ಕೈ ಹಾಕಿದ. ಕೊಯ್ದ ಜಾಗವನ್ನು ಬೆರಳಿನಿಂದ ಸವರಿದ. ಮಡಚಿದ ಬೀಡಿ ಕಾಗದವನ್ನು ಹೊರಗೆ ಎಳೆದು ನೋಡಿದ.

"ಯವ್ವಾ, ಇದಕ್ಕ ನಾ ಕಾಲು ಕೊಟ್ಟಿದ್ದೆ."

"ಕೊಟ್ಟಾವನ ಬಂದು ಕೊಯ್ದು ಹೋಗೀದಿ."

"ನಾ? ನಾ ಕ್ಯಾಂಪಿನ್ಯಾಗ ಇದ್ದೆ ತಾಯಿ. ಈ ಕೊಯ್ತ ನೋಡ್ರಿ, ಓರೆ ಐತಿ. ಇದು ನನ್ನ ಕೈಯಲ್ಲ."

"ಸುಳ್ಳ ಹೇಳಬ್ಯಾಡ. ಹುಡುಗಿ ನೋಡ್ಯಾಳ." ಅವ್ವ ನನ್ನ ಕಡೆ ತಿರುಗಿದಳು. "ಹೇಳ ಗಿರಿಜಾ. ಯಾರು ಕೊಯ್ದಾರ?"

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಮಾಳಿಗೆಯ ತೊಲೆ ನೋಡುತ್ತಿದ್ದ. ಮೋನಪ್ಪ ಕಾಕಾ ಬಗ್ಗಿದವನು ಹಾಗೇ ನನ್ನ ಕಡೆ ಮುಖ ಮಾಡಿದ್ದ. ಅವನ ಕಿವಿಯ ಮೇಲೆ ಪೆನ್ಸಿಲ್ ಇತ್ತು.

"ಹೌದೇನ್ ಗಿರಿಜವ್ವಾ? ನಾ ಬಂದಿದ್ನೇನು?"

"ಹೂಂ," ಅಂದೆ.

ಅವನು ಎದ್ದು ಮೊಣಕಾಲಿನ ಮಣ್ಣು ಝಾಡಿಸಿದ. "ಕೂಸು ಅಂದಮ್ಯಾಲ ಆತು ಬಿಡ್ರಿ," ಅಂದ. ಅವ್ವ ನೀರಿನ ಚರಿಗೆ ಮುಂದೆ ಮಾಡಿದಳು. ಅಷ್ಟು ಬೈದ ಮೇಲೂ ಮನೆಗೆ ಬಂದವರಿಗೆ ನೀರು ಕೊಡುವ ರೂಢಿ ಅವಳ ಕೈ ಬಿಟ್ಟಿರಲಿಲ್ಲ. ಅವನು ಚರಿಗೆ ಮುಟ್ಟದೆ ಹೋದ. ಅಪ್ಪ ಆಗಲೂ ತೊಲೆಯನ್ನೇ ನೋಡುತ್ತಿದ್ದ.

ಆ ವರ್ಷ ಕಣದಲ್ಲಿ ಅವನ ಆಯ ಬೇರೆ ಬಡಿಗೇರನಿಗೆ ಹೋಯಿತು. ಓಣಿಯ ಉಳಿದ ಮನೆಗಳೂ ಒಂದೊಂದಾಗಿ ಅವನನ್ನು ಬಿಟ್ಟವು. "ಶರಣಪ್ಪನ ಮನಿ ಕಪಾಟಿಗೆ ಒರಲಿ ಹತ್ತಿಸಿದಾವ" ಎಂಬುದು ಅವನ ಹೆಸರಿನ ಮುಂದೆ ಕೂತಿತು. ಅವನು ಹೆಂಡತಿ ಮಕ್ಕಳೊಂದಿಗೆ ಸಿಂಧನೂರಿಗೆ ಹೋಗಿ ಒಂದು ಸಾಮಿಲ್ಲಿನಲ್ಲಿ ದಿಮ್ಮಿ ಹೊರುವ ಕೆಲಸಕ್ಕೆ ಸೇರಿದ. ಕೂರಿಗೆಯ ತಾಳನ್ನು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗದಂತೆ ಮಾಡುತ್ತಿದ್ದವನು. ನನ್ನ ಮದುವೆಯ ಹಿಂದಿನ ವರ್ಷ ಬಸ್ಸಿನಲ್ಲಿ ಒಮ್ಮೆ ಸಿಕ್ಕಿದ್ದ. ಗುರುತು ಹಿಡಿದು, "ಅವ್ವ ಆರಾಮದಾಳೇನವ್ವಾ?" ಅಂದ. ನಾನು "ಹೂಂ ಕಾಕಾ" ಅಂದೆ. ಎರಡನೆಯ ಸಲವೂ ಅವನಿಗೆ ನನ್ನ ಬಾಯಿಂದ ಸಿಕ್ಕಿದ್ದು ಅದೊಂದೇ ಶಬ್ದ. ಅವನ ಬಲಗೈಯ ಎರಡು ಬೆರಳು ಇರಲಿಲ್ಲ.

ಅಪ್ಪ ಸತ್ತಾಗ ನನಗೆ ಬರಬೇಕಾದಷ್ಟು ಅಳು ಬರಲಿಲ್ಲ. ಅವ್ವನಿಗೆ ನಿಜ ಹೇಳಬೇಕು, ಅವಳಿಗೆ ನಾವಿಬ್ಬರೂ ಮೋಸ ಮಾಡಿದೆವು ಎಂಬುದೇ ನನ್ನ ಎದೆಯಲ್ಲಿತ್ತು. ಮೂರು ಸಲ ಪ್ರಯತ್ನ ಮಾಡಿದೆ. "ಅವ್ವಾ, ಆ ಬಿಳಿ ಕಪಾಟು..." ಅಂತ ಸುರು ಮಾಡಿದರೆ, "ಹಾಲು ಉಕ್ಕತೈತಿ ನೋಡು" ಅನ್ನುವಳು. ಇಲ್ಲವೆ, "ಹಳೇದೆಲ್ಲ ಯಾಕ ಈಗ?" ಅಂತ ಎದ್ದು ಹೋಗುವಳು. ಕುಂಚಿಗೆಯ ನೋವು ಇನ್ನೂ ಆರಿಲ್ಲ ಎಂದು ನಾನು ತಿಳಿದೆ. ಅವಳ ಮೇಲೆ ಕನಿಕರಪಟ್ಟೆ.

ಈಗ ಈ ನಾಲ್ಕು ತುಂಡು ನನ್ನ ಮುಂದಿವೆ. ಸುತ್ತಿದ ಕೆಂಪು ಬಟ್ಟೆ ಒರಲೆ ತಿಂದು ಉಳಿದ ಅದೇ ಕುಂಚಿಗೆ. ತಿಪ್ಪೆಯಲ್ಲಿ ಒಂದು ಮಳೆಗಾಲ ಬಿದ್ದ ಕಟ್ಟಿಗೆ ಹೇಗಿರುತ್ತದೆಂದು ಹಳ್ಳಿಯಲ್ಲಿ ಬೆಳೆದ ಯಾರಿಗೂ ಹೇಳಬೇಕಾಗಿಲ್ಲ. ಗೊಬ್ಬರದ ಕಾವಿಗೆ ಕಪ್ಪಾಗಿ, ಅಂಚು ಮೆತ್ತಗಾಗಿ, ಬಿರುಕಿನಲ್ಲಿ ಹುಳ ಸೇರಿರುತ್ತವೆ. ಇವು ಹಾಗಿಲ್ಲ. ಅಂಚು ಇನ್ನೂ ಚೂಪಾಗಿವೆ. ಗರಗಸದ ಗೆರೆಗಳನ್ನು ಉಗುರಿನಿಂದ ಎಣಿಸಬಹುದು. ಎಸೆದ ಮರುದಿನವೇ, ಸೆಗಣಿ ಬುಟ್ಟಿ ಹಿಡಿದು ಹೋದ ಆ ಹೊತ್ತಿಗೇ, ಅವ್ವ ಇವನ್ನು ಆರಿಸಿ ತಂದಿದ್ದಾಳೆ. ತೊಳೆದಿದ್ದಾಳೆ, ಒರೆಸಿದ್ದಾಳೆ. ಆ ಓರೆ ಕೊಯ್ತ ನೋಡಿದರೆ ಅದು ಬಡಿಗೇರನ ಕೈಯಲ್ಲ ಎಂದು ಅವಳಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಮೋನಪ್ಪನಾಗಿದ್ದರೆ ಜಾಲಿಯ ತುಂಡನ್ನು ತಿಪ್ಪೆಗೆ ಎಸೆಯದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ಎಂಬುದೂ ಅವಳಿಗೆ ಗೊತ್ತು.

ಅಂದರೆ ಪಂಚಮಿಯ ಮುನ್ನಾದಿನ ಎಲ್ಲ ಗೊತ್ತಿದ್ದೇ ಅವಳು ಮೋನಪ್ಪನನ್ನು ಕರೆಸಿದ್ದಳು. ಗಂಡನೊಂದಿಗೆ ಬದುಕಬೇಕಾಗಿತ್ತು. ಬಡಿಗೇರ ಇನ್ನೊಬ್ಬ ಸಿಗುತ್ತಿದ್ದ. ಅಷ್ಟನ್ನು ನಾನು ಹೇಗೋ ಒಪ್ಪಿಕೊಳ್ಳಬಲ್ಲೆ. ನಾನೂ ಸಂಸಾರ ಮಾಡಿದವಳು. ಒಪ್ಪಲಾಗದ್ದು ಒಂದೇ. ಅವಳಿಗೆ ಸಾಕ್ಷಿ ಬೇಕಿರಲಿಲ್ಲ. ಆದರೂ ನನ್ನ ಕಡೆ ತಿರುಗಿ ಕೇಳಿದಳು. ಆಗ ಅಪ್ಪ ತೊಲೆ ನೋಡುತ್ತಿದ್ದ. ಅವ್ವ ನನ್ನ ಕಣ್ಣನ್ನೇ ನೋಡುತ್ತಿದ್ದಳು, ನಾನು ಹೂಂ ಅನ್ನುವ ತನಕ.

ಶಾಂತಾಳಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. ಅವಳು ತುಂಡುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಲು ಹೋದಳು. ನಾನು ಬಿಡಲಿಲ್ಲ. ಅವ್ವನ ಫೋಟೋದ ಮುಂದೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಕೊಯ್ದ ಮುಖ ಮೇಲಾಗಿ ನಾಲ್ಕನ್ನೂ ಸಾಲಾಗಿ ಇಟ್ಟಿದ್ದೇನೆ.

"ಬಂದವರು ಏನಿದು ಅಂತ ಕೇಳ್ತಾರಕ್ಕಾ," ಅಂದಳು ಶಾಂತಾ.

"ಕೇಳಲಿ," ಅಂದೆ. "ಕಾಣಬೇಕು."